ಹಿಡಿಯುವ ಹುಚ್ಚು, ಬಿಡದ ಹುಚ್ಚ

ಐಹೊಳೆಗೆ ಹೋದವರು ದುರ್ಗದ ಗುಡಿ, ಲಾಡಖಾನನ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಬಿಸಿಲಿಗೆ ಅಂಜದೆ ಇನ್ನಷ್ಟು ನಡೆದವರಿಗೆ ಬೇರೆರಡು ಹೆಸರು ಸಿಗುತ್ತವೆ: ಹುಚ್ಚಿಮಲ್ಲಿ ಗುಡಿ, ಹುಚ್ಚಪ್ಪಯ್ಯನ ಮಠ. ಚಾಲುಕ್ಯರ ಕಾಲದ ಕಟ್ಟಡಗಳಿಗೆ ಊರ ಬಾಯಿ ಕೊಟ್ಟ ಹೆಸರುಗಳಿವು. ಶಿಕಾರಿಪುರದ ಆಂಜನೇಯನಂತೂ ಹುಚ್ಚರಾಯಸ್ವಾಮಿ ಎಂದೇ ಪೂಜೆಗೊಳ್ಳುತ್ತಾನೆ. ಮನುಷ್ಯರಲ್ಲಿ ಹುಚ್ಚಪ್ಪ, ಹುಚ್ಚಯ್ಯ, ಹುಚ್ಚೇಗೌಡ, ಹುಚ್ಚಮ್ಮ, ಹುಚ್ಚವ್ವ ಇದ್ದಾರೆ. ಹಳೆಯ ತಲೆಮಾರಿನ ಪಹಣಿಗಳಲ್ಲಿ ಇವರಿಗೇನೂ ಬರವಿಲ್ಲ. ಹೊಲದಲ್ಲಿ ಹುಚ್ಚೆಳ್ಳು ಇದೆ. ಎಳ್ಳಿನ ಹಾಗಿದ್ದೂ ಎಳ್ಳಲ್ಲ, ಆದರೆ ಅದರ ಚಟ್ನಿಪುಡಿ ತಿಂದವರು ಅದನ್ನು ಎಳ್ಳಿಗಿಂತ ಕಡಿಮೆ ಎನ್ನಲಾರರು.

ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ಕಲ್ಲ, ಗುಂಡ, ಹುಚ್ಚ ಎಂದು ಹೆಸರಿಡುತ್ತಿದ್ದರು. ಕೆಟ್ಟ ಕಣ್ಣು ಇತ್ತ ತಿರುಗದಿರಲಿ, ಯಮನಿಗೂ ಇದು ಬೇಡವೆನಿಸಲಿ ಎಂಬ ಉಪಾಯ. ಕೂಸನ್ನು ಉಳಿಸಿಕೊಳ್ಳಲೆಂದೇ ಮನೆಯವರು ಅದನ್ನು ಹುಚ್ಚ ಎಂದು ಕರೆದ ಕಾಲವೊಂದಿತ್ತು ಎಂದಾಯಿತು. ಅಂಥ ಕೂಸೊಂದು ಬೆಳೆದು ಇಪ್ಪತ್ತರ ಹರೆಯಕ್ಕೆ ಬಂದಾಗ, ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸುತ್ತಿದೆ ಎಂದು ರಾತ್ರಿಯಿಡೀ ಎದ್ದು ಕೂತರೆ, ಪಕ್ಕದ ಮನೆಯವರು ಊಟಕ್ಕೆ ವಿಷ ಬೆರೆಸುತ್ತಿದ್ದಾರೆ ಎಂದು ತಟ್ಟೆ ದೂಡಿದರೆ, ಅದೇ ಮನೆಯ ಬಾಯಲ್ಲಿ ಅದೇ ಪದ ಏನಾಗುತ್ತದೆ? ಈ ಪದದ ಬೆನ್ನು ಹತ್ತಲು ನನಗಿರುವ ಕಾರಣ ಇದು.

ಹಳಗನ್ನಡದ ಪಕಾರ ನಡುಗನ್ನಡಕ್ಕೆ ಬರುವ ಹೊತ್ತಿಗೆ ಹಕಾರವಾಯಿತು. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು. ಹುಚ್ಚಿನ ಹಿಂದೆಯೂ ಅಂಥದೊಂದು ಪಕಾರವಿದೆ. ತೆಲುಗಿನ ಪಿಚ್ಚಿ, ತಮಿಳಿನ ಪಿಚ್ಚು, ಪಿತ್ತು ಇವುಗಳ ಜೊತೆಗಿಟ್ಟು ನೋಡಿದರೆ ಬಳಗದ ಚಹರೆ ಗೊತ್ತಾಗುತ್ತದೆ. ತಮಿಳು ನಿಘಂಟುಕಾರರು ತಮ್ಮ ಪಿಚ್ಚಿನ ಬೇರನ್ನು ಸಂಸ್ಕೃತದ ಪಿತ್ತದಲ್ಲಿ ಕಾಣುತ್ತಾರೆ. ಹಾಗಾದರೆ ಬೈಗುಳವಾಗುವ ಮೊದಲು, ಭಕ್ತಿಯಾಗುವ ಮೊದಲು, ಇದು ವೈದ್ಯರ ಪದ. ಚರಕಸಂಹಿತೆ ಉನ್ಮಾದದಲ್ಲಿ ಐದು ಬಗೆ ಹೇಳುತ್ತದೆ. ವಾತದ್ದು, ಪಿತ್ತದ್ದು, ಕಫದ್ದು, ಮೂರೂ ಕೂಡಿ ಕೆಟ್ಟದ್ದು; ಐದನೆಯದು ಆಗಂತು, ಹೊರಗಿನಿಂದ ಬಂದದ್ದು, ದೇವ ಗಂಧರ್ವ ಪಿಶಾಚಗಳ ಲೆಕ್ಕದ್ದು. ನಮ್ಮ ಮನೆಗಳಲ್ಲಿ ಇಂದಿಗೂ ಓಡಾಡುವ ‘ಪಿತ್ತ ನೆತ್ತಿಗೇರಿದೆ’ ಎಂಬ ಮಾತು, ನೆತ್ತಿಗೆ ಎಣ್ಣೆ ತಟ್ಟುವುದು, ನಿಂಬೆಹಣ್ಣು ತಿಕ್ಕಿ ತಣ್ಣೀರು ಸುರಿಯುವುದು, ಇವೆಲ್ಲ ಮೊದಲ ನಾಲ್ಕರ ಕಡೆಯವು. ನಿಂಬೆಹಣ್ಣಿನ ಹೆಚ್ಚುಗಾರಿಕೆ ಏನೆಂದರೆ ಅದು ಐದನೆಯದಕ್ಕೂ ಆಗುತ್ತದೆ. ಮಂತ್ರಿಸಿದರೆ ಸಾಕು.

ಕಾವ್ಯದಲ್ಲಿ ಮಾತ್ರ ಹುಚ್ಚಿಗಿಂತ ಮೇಲಿನ ಮಣೆ ಮರುಳಿಗೆ. ಹಳಗನ್ನಡದ ಮರುಳ್ ಎಂದರೆ ಭ್ರಮೆಯೂ ಹೌದು, ರಣರಂಗದಲ್ಲಿ ಹೆಣ ತಿನ್ನುತ್ತ ಅಲೆಯುವ ಪಿಶಾಚಿಯೂ ಹೌದು. ಹಿಡಿದದ್ದಕ್ಕೂ ಹಿಡಿಸಿಕೊಂಡವನಿಗೂ ಒಂದೇ ಹೆಸರು. ಹತ್ತನೆಯ ಶತಮಾನದ ರನ್ನ ಈ ಎರಡು ಅರ್ಥಗಳ ನಡುವಿನ ಸಂದಿಯಲ್ಲಿ ದುರ್ಯೋಧನನನ್ನು ನಿಲ್ಲಿಸುತ್ತಾನೆ. ಹೆಣಗಳ ನಡುವೆ ನಡೆದು ಹೋಗುವ ಕುರುಪತಿಯನ್ನು ಮರುಳೊಂದು ಅಡ್ಡಗಟ್ಟಿ, ನಮ್ಮಿಬ್ಬರಲ್ಲಿ ಯಾರು ಮರುಳು ಎಂದು ಹಂಗಿಸುತ್ತದೆ. ಎರಡು ಶತಮಾನ ಕಳೆದು ಕಲ್ಯಾಣಕ್ಕೆ ಬಂದರೆ ಮರುಳಶಂಕರದೇವ ಸಿಗುತ್ತಾನೆ. ಬಸವಣ್ಣನ ಮಹಾಮನೆಯ ಹತ್ತಿರ, ಪ್ರಸಾದ ತಿಂದುಕೊಂಡು, ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಇದ್ದವನು. ಅಲ್ಲಮ ಬಂದು ಗುರುತಿಸುವವರೆಗೆ ಅವನು ಬರಿಯ ಮರುಳ. ತಮಿಳಿನ ಸುಂದರರ್ ಇನ್ನೂ ಮುಂದೆ ಹೋಗಿ ಶಿವನನ್ನೇ ಪಿತ್ತ, ಹುಚ್ಚ ಎಂದು ಕರೆದು ತನ್ನ ಮೊದಲ ಪದಿಗ ತೊಡಗಿದವನು.

ಇಂಥ ಕಥೆಗಳನ್ನು ಎತ್ತಿಕೊಂಡು ನಮ್ಮ ಸಂಸ್ಕೃತಿ ಹುಚ್ಚನ್ನು ಆದರಿಸಿದ ಸಂಸ್ಕೃತಿ ಎಂದು ಭಾಷಣ ಮಾಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಸಂತನ ಹುಚ್ಚಿಗೆ ಕೈಮುಗಿದ ಊರೇ ಮಗನ ಹುಚ್ಚಿಗೆ ಹಿತ್ತಲ ಕೋಣೆಯ ಅಗಳಿ ಹಾಕಿದೆ. ಮರುಳಶಂಕರದೇವನಿಗೆ ಅಲ್ಲಮ ಸಿಕ್ಕ. ಹಿತ್ತಲ ಕೋಣೆಯಲ್ಲಿದ್ದವನ ಬಾಗಿಲಿಗೆ ಬಂದದ್ದು ಹೊತ್ತಿಗೊಂದು ತಟ್ಟೆ, ಅಷ್ಟೆ. ಪುರಾಣದಲ್ಲಿ ಏನಿದೆ ಎನ್ನುವುದಕ್ಕಿಂತ ಅಡುಗೆಮನೆಯಲ್ಲಿ ಯಾವ ವಾಕ್ಯ ಓಡಾಡುತ್ತದೆ ಎನ್ನುವುದು ಇಲ್ಲಿ ಹೆಚ್ಚು ಮುಖ್ಯ.

ಆ ವಾಕ್ಯದ ವ್ಯಾಕರಣವನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ಜ್ವರ ಬರುತ್ತದೆ, ನೆಗಡಿಯಾಗುತ್ತದೆ, ಹುಚ್ಚು ಹಿಡಿಯುತ್ತದೆ. ಶನಿ, ಗ್ರಹಣ, ದೆವ್ವ, ಜಡಿಮಳೆ, ಗೆದ್ದಲು, ತುಕ್ಕು ಎಲ್ಲ ನಮ್ಮಲ್ಲಿ ಹಿಡಿಯುವಂಥವೇ. ಹಿಡಿದದ್ದು ಬಿಡಲೂಬಹುದು. ಮಳೆ ಬಿಟ್ಟಿತು, ಗ್ರಹಣ ಬಿಟ್ಟಿತು, ಶನಿ ಬಿಟ್ಟಿತು, ಹುಚ್ಚು ಬಿಟ್ಟಿತು. ‘ಅವನಿಗೆ ಹುಚ್ಚು ಹಿಡಿದಿದೆ’ ಎಂದಾಗ ವಾಕ್ಯದ ಕರ್ತೃ ಹುಚ್ಚು; ಅವನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತವನು. ಅವನು ಏನೂ ಮಾಡಿಲ್ಲ, ಅವನಿಗೆ ಆಗಿದೆ. ಈಗ ಪದದ ಕೊನೆಯ ಉಕಾರ ತೆಗೆದು ಅಕಾರ ಹಚ್ಚಿ. ‘ಅವನು ಹುಚ್ಚ.’ ಈ ವಾಕ್ಯಕ್ಕೆ ಕ್ರಿಯಾಪದವೇ ಬೇಡ. ಕ್ರಿಯಾಪದ ಇಲ್ಲದ ಮೇಲೆ ಕಾಲವೂ ಇಲ್ಲ. ನಿನ್ನೆಯಿಂದ, ನಾಳೆಯವರೆಗೆ ಎಂಬ ಗಡುವಿಲ್ಲ. ಹುಚ್ಚು ಬಿಡಬಹುದು. ಹುಚ್ಚ ಬಿಡುವುದು ಎಂದರೇನು?

ಇದು ಬರಿಯ ವ್ಯಾಕರಣದ ಕಸರತ್ತು ಎನ್ನುವವರನ್ನು ಸ್ವಲ್ಪ ದೂರ, 1950ರ ದಶಕದ ಲಂಡನ್ನಿಗೆ ಕರೆದೊಯ್ಯಬೇಕು. ಹೊಸ ಔಷಧಿಗಳು ಬಂದು, ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿದ್ದವರು ಹೊರಗೆ ಬರತೊಡಗಿದ್ದ ಕಾಲ. ಹೊರಗೆ ಹೋದವರು ಏನಾದರು ಎಂದು ನೋಡಲು ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ, ಮೋರಿಸ್ ಕಾರ್ಸ್ಟೇರ್ಸ್ ಎಂಬ ಮನೋವೈದ್ಯ, ಮತ್ತೊಬ್ಬ ಸಹೋದ್ಯೋಗಿ ಸೇರಿ 229 ಗಂಡಸರ ಜಾಡು ಹಿಡಿದರು. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಯಾರೂ ಎದುರುನೋಡದಂಥದು. ಹೆತ್ತವರ ಬಳಿಗೋ ಹೆಂಡತಿಯ ಬಳಿಗೋ ಮರಳಿದವರಿಗಿಂತ ಬಾಡಿಗೆ ಕೋಣೆಗೆ, ಅಣ್ಣತಮ್ಮ ಅಕ್ಕತಂಗಿಯರ ಮನೆಗೆ ಹೋದವರು ಚೆನ್ನಾಗಿ ಉಳಿದುಕೊಂಡಿದ್ದರು. ಹತ್ತಿರದ ಪ್ರೀತಿಯೇ ಅಪಾಯ ತಂದಿತ್ತೇ?

ಬ್ರೌನ್ ಇದರ ಬೆನ್ನು ಬಿಡಲಿಲ್ಲ. ಮನೆಯವರನ್ನು ಕೂರಿಸಿ ಗಂಟೆಗಟ್ಟಲೆ ಮಾತಾಡಿಸಿ, ಟೇಪಿನಲ್ಲಿ ಹಿಡಿದಿಟ್ಟು, ಏನು ಹೇಳಿದರು ಎನ್ನುವುದರ ಜೊತೆಗೆ ಯಾವ ದನಿಯಲ್ಲಿ ಹೇಳಿದರು ಎಂಬುದನ್ನೂ ಎಣಿಸುವ ಕ್ರಮವೊಂದು ಬೆಳೆಯಿತು. ಟೀಕೆ, ದ್ವೇಷ, ಅತಿಯಾಗಿ ಮೈಮೇಲೆ ಹಾಕಿಕೊಳ್ಳುವುದು, ಅಕ್ಕರೆ, ಮೆಚ್ಚುಗೆ: ಒಟ್ಟಿಗೆ ಇದಕ್ಕೆ ‘ಎಕ್ಸ್‌ಪ್ರೆಸ್ಡ್ ಎಮೋಷನ್’ ಎಂಬ ಹೆಸರು ಅಂಟಿತು. 1972ರ ಅಧ್ಯಯನದಲ್ಲಿ, ಟೀಕೆ ಮತ್ತು ಬಿಸಿ ಹೆಚ್ಚಿದ್ದ ಮನೆಗಳಿಗೆ ಮರಳಿದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ನೂರಕ್ಕೆ 58 ಮಂದಿಗೆ ಒಂಬತ್ತು ತಿಂಗಳೊಳಗೆ ಕಾಯಿಲೆ ಮರುಕಳಿಸಿತ್ತು. ತಣ್ಣಗಿದ್ದ ಮನೆಗಳಲ್ಲಿ 16. ನಾಲ್ಕು ವರ್ಷದ ನಂತರ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಇದನ್ನೇ ಮತ್ತೆ ತೋರಿಸಿ, ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದರೆ ಅಪಾಯ ಏರುತ್ತದೆ ಎಂದರು.

ಆ ಲೆಕ್ಕದಲ್ಲಿ ಟೀಕೆಗೂ ದ್ವೇಷಕ್ಕೂ ಗೆರೆ ಎಳೆದದ್ದು ಎಲ್ಲಿ ಎನ್ನುವುದು ನನಗೆ ಮುಖ್ಯ. ‘ನೀನು ಮಾಡಿದ್ದು ಸರಿಯಿಲ್ಲ’ ಎನ್ನುವುದು ಟೀಕೆ. ‘ನೀನೇ ಸರಿಯಿಲ್ಲ’ ಎನ್ನುವುದು ದ್ವೇಷ. ಒಂದು ನಡತೆಯ ಮೇಲೆ ನಿಲ್ಲುತ್ತದೆ, ಇನ್ನೊಂದು ಇಡೀ ಮನುಷ್ಯನನ್ನು ತಳ್ಳಿಹಾಕುತ್ತದೆ. ಉಕಾರ ಹೋಗಿ ಅಕಾರ ಬರುವ ಜಾಗ ಇದೇ.

ಈ ಅಳತೆಗೋಲನ್ನು ಭಾರತಕ್ಕೆ, ಚಂಡೀಗಢಕ್ಕೆ ತಂದವರು ಮನೋವೈದ್ಯ ಎನ್. ಎನ್. ವಿಗ್ ಮತ್ತು ಸಂಗಡಿಗರು. ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದರ ಭಾಗವಾಗಿ ಡೆನ್ಮಾರ್ಕಿನ ಆರ್ಹಸ್ ನಗರದ ಕುಟುಂಬಗಳನ್ನೂ ಚಂಡೀಗಢದ ಕುಟುಂಬಗಳನ್ನೂ ಹೋಲಿಸಿ 1987ರಲ್ಲಿ ಪ್ರಕಟಿಸಿದರು. ‘ಬಿಸಿ’ ಹೆಚ್ಚಿನ ನೆಂಟರು ಆರ್ಹಸ್‌ನಲ್ಲಿ ಶೇಕಡ 54, ಚಂಡೀಗಢದಲ್ಲಿ 23. ಚಂಡೀಗಢದಲ್ಲೂ ಪೇಟೆಯವರಲ್ಲಿ 30 ಇದ್ದದ್ದು ಹಳ್ಳಿಯವರಲ್ಲಿ ಬರಿಯ 8. ಅಲ್ಲಿ ಕಾಯಿಲೆ ಮರುಕಳಿಸುವುದರ ಜೊತೆ ಗಟ್ಟಿಯಾಗಿ ತಳಕು ಹಾಕಿಕೊಂಡು ಕಂಡದ್ದು ದ್ವೇಷ. ಗದರುವ ಮನೆಯಲ್ಲಿ ಬದುಕಬಹುದು, ತಳ್ಳಿಹಾಕಿದ ಮನೆಯಲ್ಲಿ ಕಷ್ಟ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಹಳ್ಳಿಯ ಎಂಟಕ್ಕೆ ತಲೆದೂಗುವ ಮೊದಲು ಎರಡು ಮಾತು. ಬಡ ದೇಶಗಳಲ್ಲಿ ಹುಚ್ಚು ಬೇಗ ಬಿಡುತ್ತದೆ ಎಂಬ ಹೆಸರುವಾಸಿ ತೀರ್ಮಾನವನ್ನು 2008ರ ಹೊತ್ತಿಗೆ ಸಂಶೋಧಕರೇ ಗಂಭೀರವಾಗಿ ಪ್ರಶ್ನಿಸಿದ್ದರು. ಜೊತೆಗೆ, ಹಳ್ಳಿಯ ದೊಡ್ಡ ಮನೆಯಲ್ಲಿ ಸಿಟ್ಟು ಹತ್ತು ಜನರಲ್ಲಿ ಹಂಚಿಹೋಗುತ್ತದೆ. ಎತ್ತು ಮೇಯಿಸುವ, ಕಾಯಿ ಸುಲಿಯುವ ಕೆಲಸ ಎಂಥವನಿಗೂ ಒಂದಿಷ್ಟು ಇರುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ, ನಿವೃತ್ತ ತಂದೆ ಮತ್ತು ಕೆಲಸ ಕಳೆದುಕೊಂಡ ಮಗ ದಿನವಿಡೀ ಎದುರುಬದುರು ಕೂತರೆ, 35 ಗಂಟೆ ಬುಧವಾರಕ್ಕೇ ಮುಗಿದಿರುತ್ತದೆ. ಎಲ್ಲವನ್ನೂ ಸಂಸ್ಕೃತಿಯ ಖಾತೆಗೆ ಬರೆಯಬಾರದು.

ಲ್ಯಾನ್ಸೆಟ್ ಲೇಖನದ ಕಾರ್ಸ್ಟೇರ್ಸ್ ಇದ್ದರಲ್ಲ, ಅವರು ಮುಂದೆ ಬಂದದ್ದು ನಮ್ಮ ಕರಾವಳಿಗೆ. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಆರ್. ಎಲ್. ಕಪೂರ್ ಜೊತೆ ಅವರು ಮಾಡಿದ ಕೆಲಸ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಯಿತು. ಬ್ರಾಹ್ಮಣ, ಬಂಟ, ಮೊಗೇರ ಮನೆಗಳ ಬಾಗಿಲು ಬಾಗಿಲಿಗೆ ಹೋಗಿ ಮನಸ್ಸಿನ ತೊಂದರೆಗಳನ್ನು ಕೇಳಿ ಬರೆದುಕೊಂಡ ಅಧ್ಯಯನ. ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕ್ಕೆ ಅಡಿಪಾಯ ಹಾಕಿದವರು. ಕೋಟದಲ್ಲಿ ಅವರು ಮೂರು ಬಗೆಯ ಚಿಕಿತ್ಸಕರನ್ನು ಗುರುತಿಸಿದರು: ವೈದ್ಯ, ಮಂತ್ರವಾದಿ, ಪಾತ್ರಿ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ವೈದ್ಯ ಪಿತ್ತ ಉಷ್ಣ ಎನ್ನುತ್ತಾನೆ. ಮಂತ್ರವಾದಿ ಮಾಟ, ಗಾಳಿ ಸೋಂಕು, ಗ್ರಹಚಾರ ನೋಡಿ ತಾಯಿತ ಕಟ್ಟುತ್ತಾನೆ. ಪಾತ್ರಿಯ ಮೈಮೇಲೆ ದೈವವೇ ಬಂದು ಮಾತಾಡುತ್ತದೆ.

ದೈವ ಸಾಮಾನ್ಯವಾಗಿ ಏನು ಕೇಳುತ್ತದೆ? ಹಿರಿಯರು ಹೇಳಿಕೊಂಡ ಹರಕೆ ಏನಾಯಿತು, ಕೋಲ ನಿಲ್ಲಿಸಿದವರು ಯಾರು, ಪಾಲಾಗುವಾಗ ನನ್ನ ಜಾಗ ಯಾರ ಪಾಲಿಗೆ ಹೋಯಿತು. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಹುಡುಗನ ಕಾಯಿಲೆ ಈಗ ಇಡೀ ಕುಟುಂಬದ ಬಾಕಿ. ತೀರಿಸಬೇಕಾದವರು ದೊಡ್ಡಪ್ಪ, ಚಿಕ್ಕಪ್ಪ, ಮುಂಬಯಿಯಲ್ಲಿ ಹೋಟೆಲಿಟ್ಟ ಸೋದರಮಾವ ಎಲ್ಲರೂ. ಹುಡುಗನನ್ನು ಬಯ್ಯಲು ಆಮೇಲೆ ಯಾರಿಗೆ ಬಾಯಿ ಬಂದೀತು? ಈ ಏರ್ಪಾಡಿನಲ್ಲಿ ಒಂದು ಜಾಣತನವಿದೆ; ಅದನ್ನು ಮೂಢನಂಬಿಕೆಯ ಬುಟ್ಟಿಗೆ ಎಸೆದು ಕೈತೊಳೆದುಕೊಳ್ಳುವ ಅವಸರ ನನಗಿಲ್ಲ. ಅದರ ಖರ್ಚೂ ಗೊತ್ತಿರಬೇಕು. ‘ಯಾರೋ ಮದ್ದು ಹಾಕಿದ್ದಾರೆ’ ಎಂದ ಮರುದಿನವೇ ಆ ಯಾರೋ ಎಂಬುದಕ್ಕೆ ಮುಖ ಬೇಕಾಗುತ್ತದೆ, ಮತ್ತು ಆ ಮುಖ ಹೆಚ್ಚಾಗಿ ಬಡ ವಿಧವೆಯದೋ ಹೊಸದಾಗಿ ಬಂದ ಸೊಸೆಯದೋ ಆಗಿರುತ್ತದೆ. ಮಗನ ಮೇಲಿನ ಸಿಟ್ಟು ತಣಿಯಿತು, ನಿಜ. ಅದು ಎಲ್ಲಿಗೆ ಹೋಯಿತು ಎಂದೂ ಕೇಳಬೇಕಲ್ಲ.

ಇನ್ನು ‘ಬಿಡಿಸು’ ಎಂಬ ಕ್ರಿಯಾಪದ. ಹಿಡಿದದ್ದು ತಾನೇ ಬಿಡದಿದ್ದರೆ ಬಿಡಿಸಬೇಕು. ಗಾಣಗಾಪುರದ ದತ್ತಾತ್ರೇಯನ ಸನ್ನಿಧಿಯಲ್ಲಿ ಆರತಿಯ ಹೊತ್ತಿಗೆ ಕೂಗುತ್ತ ಕಂಬ ಏರುವವರನ್ನು ನೋಡಿದವರಿಗೆ ಗೊತ್ತು, ಅಲ್ಲಿ ಸುತ್ತ ನಿಂತ ಮನೆಯವರ ಮುಖದಲ್ಲಿ ಅವಮಾನಕ್ಕಿಂತ ಕಾತರ ಹೆಚ್ಚು. ಕೂಗುತ್ತಿರುವುದು ನಮ್ಮ ಹುಡುಗಿಯಲ್ಲ, ಅವಳನ್ನು ಹಿಡಿದದ್ದು ಎಂಬ ನಂಬಿಕೆ ಅವರನ್ನು ನಿಲ್ಲಿಸಿರುತ್ತದೆ. ಅದೇ ನಂಬಿಕೆ ಬೇವಿನ ಬರಲನ್ನೂ ಕೈಗೆ ಕೊಡುತ್ತದೆ. ಹೊಡೆತ ದೆವ್ವಕ್ಕೆ, ಬಾಸುಂಡೆ ಹುಡುಗಿಗೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಇಂಥವರನ್ನು ಇರಿಸಿದ್ದ ಕಡೆ ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಸರಪಳಿಯಲ್ಲಿದ್ದ ಅವರಿಗೆ ಓಡಲು ಆಗಲಿಲ್ಲ. ಬಿಡಿಸಿಕೊಂಡು ಬರಲೆಂದು ಮನೆಯವರು ಬಿಟ್ಟು ಬಂದವರು.

ಇಷ್ಟು ಹೊತ್ತು ಹೇಳಿದ್ದು ಗಲಾಟೆಯ ಹುಚ್ಚಿನ ಮಾತು. ಕೂಗುವುದು, ಬಟ್ಟೆ ಹರಿದುಕೊಳ್ಳುವುದು, ಗಾಳಿಯೊಡನೆ ಮಾತಾಡುವುದು. ಇದನ್ನು ಹುಚ್ಚು ಎಂಬ ಪದ ಸಲೀಸಾಗಿ ಹೊದ್ದುಕೊಳ್ಳುತ್ತದೆ. ಹೊದ್ದುಕೊಂಡದ್ದನ್ನು ಮನೆ ಕ್ಷಮಿಸುತ್ತದೆ. ಆದರೆ ಗಲಾಟೆ ಕೆಲವು ವಾರಗಳದ್ದು. ಔಷಧಿ ಬಿದ್ದರೆ ಬೇಗ ಇಳಿಯುತ್ತದೆ. ಆಮೇಲೆ ಉಳಿಯುವುದು ವರ್ಷಗಟ್ಟಲೆಯ ಮೌನ: ಹನ್ನೊಂದು ಗಂಟೆಯಾದರೂ ಹಾಸಿಗೆ ಬಿಡದಿರುವುದು, ಸ್ನಾನಕ್ಕೆ ಹತ್ತು ಸಲ ಹೇಳಿಸಿಕೊಳ್ಳುವುದು, ನೆಂಟರು ಬಂದರೆ ಒಳಕ್ಕೆ ಸರಿಯುವುದು, ಅಳುವೂ ಇಲ್ಲದ ನಗುವೂ ಇಲ್ಲದ ಮುಖ. ಇದೂ ಅದೇ ಕಾಯಿಲೆಯ ಇನ್ನೊಂದು ಮಗ್ಗುಲು, ಔಷಧಿಗೂ ಅಷ್ಟಾಗಿ ಬಗ್ಗದ ಮಗ್ಗುಲು. ಕನ್ನಡದ ಹುಚ್ಚು ಇಲ್ಲಿಯವರೆಗೆ ಚಾಚುವುದಿಲ್ಲ. ಇಲ್ಲಿ ಬೇರೆ ಪದಗಳು ಕಾದು ಕೂತಿವೆ: ಸೋಮಾರಿ, ಕೊಬ್ಬು, ತಿಂದು ಮಲಗುವುದು, ಮೈಗಳ್ಳ.

ಮೈಗಳ್ಳ! ತನ್ನ ಮೈಯನ್ನೇ ಕದ್ದವನು. ದುಡಿಮೆಗೆ ಸಲ್ಲಬೇಕಾದ ಮೈಯನ್ನು ಮನೆಯಿಂದ ಬಚ್ಚಿಟ್ಟವನು. ಒಕ್ಕಲುತನದ ಸಮಾಜ ಮಾತ್ರ ಕಟ್ಟಬಹುದಾದ ಪದ. ಇದರಲ್ಲಿ ‘ಹಿಡಿ’ ಇಲ್ಲ, ಚತುರ್ಥಿಯಿಲ್ಲ. ಅವನೇ ಕರ್ತೃ, ಕಳ್ಳ ಬೇರೆ. ಇಂಗ್ಲೆಂಡಿನಲ್ಲಿ ವಾನ್ ಮತ್ತು ಲೆಫ್ ಟೇಪು ಕೇಳಿದಾಗಲೂ ನೆಂಟರ ಟೀಕೆಯ ಬಹುಪಾಲು ಭ್ರಮೆ ಭ್ರಾಂತಿಗಳ ಮೇಲಿರಲಿಲ್ಲ. ಸುಮ್ಮನಿರುವುದು, ಮಂಕಾಗಿರುವುದು, ಅವನ ‘ಸ್ವಭಾವ’ ಇವುಗಳ ಮೇಲಿತ್ತು. ಮನಸ್ಸು ಮಾಡಿದರೆ ಏಳಬಹುದು, ಬೇಕೆಂದೇ ಏಳುತ್ತಿಲ್ಲ ಎಂದು ನಂಬಿದ ನೆಂಟರೇ ಹೆಚ್ಚು ಕಟುವಾಗಿ ಮಾತಾಡುತ್ತಾರೆ ಎಂದು ನಂತರದ ಅಧ್ಯಯನಗಳೂ ತೋರಿಸಿದವು. ದೆವ್ವ ಹಿಡಿದ ಮಗಳನ್ನು ಹೆಗಲ ಮೇಲೆ ಹೊತ್ತು ಮೂರು ಜಾತ್ರೆ ಸುತ್ತಿದ ಅಪ್ಪ, ಅದೇ ಮಗಳು ಆರು ತಿಂಗಳ ನಂತರ ಕಸಬರಿಗೆ ಹಿಡಿಯದಿದ್ದಾಗ ಸಿಡಿಮಿಡಿಗೊಳ್ಳುವುದು ಅವನ ಎದೆ ಕಲ್ಲಾದದ್ದರಿಂದ ಅಲ್ಲ. ಅವಳ ಈ ಸ್ಥಿತಿಗೆ ಅವನ ನುಡಿಯಲ್ಲಿ ಕಾಯಿಲೆ ಎನ್ನುವಂಥ ಹೆಸರಿಲ್ಲ. ಇದ್ದ ಹೆಸರು ಬೈಗುಳವೇ.

ಗಾದೆಯೊಂದಿದೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಗಂಟು ಬಿದ್ದ ಸರ್ಕಾರಿ ಕಡತಕ್ಕೂ ಕ್ರಿಕೆಟ್ ತಂಡದ ಆಯ್ಕೆಗೂ ಇದನ್ನು ಬಳಸಿ ನಗುತ್ತೇವೆ. ಇದನ್ನು ಅಕ್ಷರಶಃ ಬದುಕಿದ ಮನೆಗಳಿವೆ. ಒಂದು ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ ಎನ್ನುವ ಹಿರಿಯರು ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಗಂಡಿಗಾದರೆ ಹೆಂಡತಿ ಬಂದು ನರ್ಸಾಗುತ್ತಾಳೆ. ಹೆಣ್ಣಿಗಾದರೆ ಗುಟ್ಟು ರಟ್ಟಾದ ದಿನ ಅವಳು ತವರಿನ ಹೊಸ್ತಿಲಿಗೆ ಮರಳಿರುತ್ತಾಳೆ. ಚೆನ್ನೈನಲ್ಲಿ ಮನೋವೈದ್ಯೆ ಆರ್. ತಾರಾ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಇದ್ದು ಗಂಡ ಬಿಟ್ಟ 76 ಹೆಂಗಸರನ್ನು ಅಧ್ಯಯನ ಮಾಡಿದಾಗ ಕಂಡದ್ದು, ಬಿಟ್ಟವರಲ್ಲಿ ಕಾನೂನಿನ ಪ್ರಕಾರ ಬಿಟ್ಟವರು ಕಡಿಮೆ, ಮತ್ತು ನೋಡಿಕೊಳ್ಳುವ ಭಾರ ಮುದಿ ತಂದೆತಾಯಿಯರದು.

ಕಾನೂನಿಗೂ ಈ ಪದ ಕಾಡಿದೆ. 1955ರ ಹಿಂದೂ ವಿವಾಹ ಕಾಯ್ದೆ ಮೊದಲಿಗೆ ವಧುವರರು ‘ಈಡಿಯಟ್’ ಅಥವಾ ‘ಲುನಾಟಿಕ್’ ಆಗಿರಕೂಡದು ಎಂದಿತ್ತು. ಎರಡೂ ಹುಚ್ಚ ಎಂಬ ಜಾತಿಯ ಪದಗಳು, ಕಾಲವಿಲ್ಲದವು. 1976ರ ತಿದ್ದುಪಡಿ ಆ ಜಾಗದಲ್ಲಿ ಕಾಯಿಲೆಯ ಬಗೆ ಮತ್ತು ಅದರ ಪ್ರಮಾಣವನ್ನು ತಂದಿತು. 1988ರಲ್ಲಿ ವಿಚ್ಛೇದನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಮದುವೆ ಮುರಿಯಲಾಗದು, ಅದು ಎಷ್ಟರ ಮಟ್ಟಿಗೆ ಇದೆ ಎಂಬುದನ್ನು ನೋಡಬೇಕು ಎಂದಿತು. ತೀರ್ಪು ಬರೆದವರು ನಮ್ಮ ಎಂ. ಎನ್. ವೆಂಕಟಾಚಲಯ್ಯನವರು. ಕನ್ನಡದ ವ್ಯಾಕರಣ ಬಲ್ಲವರಿಗೆ ಆ ತೀರ್ಪಿನಲ್ಲಿ ಆಶ್ಚರ್ಯವೇನೂ ಇಲ್ಲ.

ಹಣೆಪಟ್ಟಿಯ ವಿಷಯವನ್ನು ಕನ್ನಡದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ನಿರ್ದಯವಾಗಿ ಹೇಳಿದವರು ತ್ರಿವೇಣಿ. ಮನಶ್ಶಾಸ್ತ್ರ ಓದಿದ್ದ ಆಕೆಯ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಹುಚ್ಚು ಬಿಟ್ಟಿದೆ. ಮನೆಯಲ್ಲಿ ಅವಳು ಹುಚ್ಚಿಯಾಗಿಯೇ ಉಳಿಯುತ್ತಾಳೆ. ಜೋರಾಗಿ ನಕ್ಕರೆ ಹುಚ್ಚು, ಅಲಂಕಾರ ಮಾಡಿಕೊಂಡರೆ ಹುಚ್ಚು, ಯಾವ ಹೆಂಡತಿಗಾದರೂ ಬರಬಹುದಾದ ಸಿಟ್ಟು ಬಂದರೂ ಹುಚ್ಚು. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಾವೇರಿಯಾದ ಕಲ್ಪನಾ ಕೊನೆಗೆ ಮತ್ತೆ ಆಸ್ಪತ್ರೆಯ ಹಾದಿ ಹಿಡಿಯುವುದನ್ನು ನೋಡಿ ಕಣ್ಣೊರೆಸಿಕೊಂಡ ಪ್ರೇಕ್ಷಕರು ಥಿಯೇಟರಿನಿಂದ ಹೊರಬಂದು ಅದೇ ಪದವನ್ನು ಅದೇ ಹಗುರದಲ್ಲಿ ಆಡಿದ್ದಾರೆ. ಒಂದು ಸಿನಿಮಾದಿಂದ ಅಷ್ಟು ಕೇಳಬಾರದು, ಬಿಡಿ.

ಪದವನ್ನೇ ಬದಲಿಸಿದರೆ? ಆ ಪ್ರಯತ್ನ ಬೆಂಗಳೂರಿನಲ್ಲಿ ನೂರು ವರ್ಷದಿಂದ ನಡೆದಿದೆ. ಹತ್ತೊಂಬತ್ತನೆಯ ಶತಮಾನದ ಲುನಾಟಿಕ್ ಅಸೈಲಂ ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರ್ಕಾರ ಅದನ್ನು ಮೆಂಟಲ್ ಹಾಸ್ಪಿಟಲ್ ಎಂದಿತು. ‘ಮೆಂಟಲ್’ ಕನ್ನಡದ ಬೈಗುಳವಾಗಲು ತಡವಾಗಲಿಲ್ಲ. 1974ರಲ್ಲಿ ನಿಮ್ಹಾನ್ಸ್ ಬಂತು. ಏಳು ಇಂಗ್ಲಿಷ್ ಪದಗಳ ಮೊದಲಕ್ಷರ ಪೋಣಿಸಿದ, ಯಾವ ಅರ್ಥವೂ ಇಲ್ಲದ ಸದ್ದು. ಅದಕ್ಕೂ ಕಾಲೇಜು ಹುಡುಗರು ‘ನಿನ್ನ ನಿಮ್ಹಾನ್ಸಿಗೆ ಸೇರಿಸಬೇಕು’ ಎಂದು ಅರ್ಥ ತುಂಬಿಬಿಟ್ಟರು. ಸ್ಕಿಜೋಫ್ರೇನಿಯಾಕ್ಕಿರುವ ಛಿದ್ರಮನಸ್ಕತೆ ಎಂಬ ಪುಸ್ತಕದ ಪದ ಮಾತ್ರ ಇನ್ನೂ ಬೈಗುಳವಾಗಿಲ್ಲ. ಯಾರ ಬಾಯಿಗೂ ಹತ್ತದ್ದರಿಂದ ಅದು ಬಚಾವು.

ಆದರೂ ಪದ ಬದಲಿಸುವುದು ವ್ಯರ್ಥ ಎಂದು ಹೇಳಲಾರೆ. ಜಪಾನಿನಲ್ಲಿ ರೋಗಿಗಳ ಮನೆಯವರ ಒಕ್ಕೂಟವೇ ಮುಂದೆ ಬಂದು, ಸ್ಕಿಜೋಫ್ರೇನಿಯಾಕ್ಕೆ ಇದ್ದ ‘ಮನಸ್ಸು ಸೀಳಿದ ರೋಗ’ ಎಂಬರ್ಥದ ಹೆಸರು ತಮಗೆ ಬೇಡ ಎಂದಿತು. 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಹೆಸರು ಬದಲಿಸಿತು. ಅದುವರೆಗೆ ರೋಗಿಗೆ ಅವನ ಕಾಯಿಲೆಯ ಹೆಸರು ಹೇಳಲು ಅಲ್ಲಿನ ವೈದ್ಯರೇ ಅಳುಕುತ್ತಿದ್ದರು. ಹೆಸರು ಹೇಳಿದ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಶೇಕಡ 37ರ ಆಸುಪಾಸಿನಿಂದ 70ರ ಹತ್ತಿರಕ್ಕೆ ಏರಿದವು. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಮನೆಗಳಲ್ಲಿ ಯಾವ ಸಂಘವೂ ಬೇಕಾಗಲಿಲ್ಲ. ಮಾನವಶಾಸ್ತ್ರಜ್ಞೆ ಜ್ಯಾನಿಸ್ ಜೆಂಕಿನ್ಸ್ 1980ರ ದಶಕದಲ್ಲಿ ಅಲ್ಲಿ ಮಾತಾಡಿಸಿದಾಗ ಬಹಳ ಮನೆಯವರು ಮಗನ ಸ್ಕಿಜೋಫ್ರೇನಿಯಾವನ್ನು ‘ನೆರ್ವಿಯೋಸ್’, ನರಗಳ ತೊಂದರೆ ಎನ್ನುತ್ತಿದ್ದರು. ಪರೀಕ್ಷೆಗೆ ಓದುವ ಹುಡುಗಿಗೂ, ಸಾಲಗಾರ ಗಂಡನಿಗೂ, ಭ್ರಾಂತಿಯ ಮಗನಿಗೂ ಒಂದೇ ಪದ. ಲೋಕೋ, ಅಂದರೆ ಹುಚ್ಚ, ಎಂಬ ಪದ ಅವರ ಭಾಷೆಯಲ್ಲಿ ಇತ್ತು. ಅದನ್ನು ಅವರು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅದೇ ಊರಿನ ಬಿಳಿಯ ಅಮೆರಿಕನ್ ಮನೆಗಳಲ್ಲಿ ಶೇಕಡ 67ರಷ್ಟಿದ್ದ ‘ಬಿಸಿ’ ಇವರಲ್ಲಿ 41. ನರದ ಮಾತಾಡುವವರು ಕಟುವಾಗುವುದು ಕಷ್ಟ, ಏಕೆಂದರೆ ನರ ಎಲ್ಲರಿಗೂ ಇದೆ.

ನಮ್ಮಲ್ಲಿ ಆ ಕೆಲಸ ಮಾಡುತ್ತಿರುವ ಪದ ಯಾವುದು? ‘ನರ ವೀಕು’ ಎಂಬುದು ಉಂಟು, ಆದರೆ ಅದನ್ನು ಗೋಡೆ ಜಾಹೀರಾತಿನ ಗುಪ್ತರೋಗ ತಜ್ಞರು ಆಗಲೇ ಹೊತ್ತೊಯ್ದಿದ್ದಾರೆ. ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ, ಊರಿನಿಂದ ಬಂದ ಫೋನಿಗೆ ತಾಯಂದಿರು ತಗ್ಗಿದ ದನಿಯಲ್ಲಿ ಕೊಡುವ ಉತ್ತರ ಬೇರೆ: ‘ಅವನಿಗೆ ಸ್ವಲ್ಪ ಹುಷಾರಿಲ್ಲ, ಅದಕ್ಕೇ ಬಂದಿದೀವಿ.’ ಮುಚ್ಚಿಡುವ ಮಾತು ಎಂದು ತಳ್ಳಿಹಾಕಬೇಡಿ. ಹುಷಾರು ಪಾರಸಿಯಿಂದ ಬಂದದ್ದು. ಹೋಶ್ ಎಂದರೆ ಎಚ್ಚರ, ಪ್ರಜ್ಞೆ, ಬುದ್ಧಿ. ಪಾರಸಿಯಲ್ಲಿ ಹೋಶ್ಯಾರ್ ಅಂದರೆ ಬುದ್ಧಿ ನೆಟ್ಟಗಿರುವವನು. ದಖ್ಖನಿನ ಸುಲ್ತಾನರ, ಹೈದರ್ ಟಿಪ್ಪುವಿನ ಕಚೇರಿಗಳ ನುಡಿಯಾಗಿದ್ದ ಪಾರಸಿ ಬಿಟ್ಟುಹೋದ ಪದಗಳಲ್ಲಿ ಒಂದನ್ನು ನಾವು ನೆಗಡಿಗೂ ಹೊಟ್ಟೆನೋವಿಗೂ ಹಚ್ಚಿಕೊಂಡೆವು. ಹಾಗೆ ಸವೆದು ಸಾಧಾರಣವಾದ ಪದ ಈಗ ಆ ತಾಯಿಯ ಬಾಯಲ್ಲಿ ತನಗೇ ಗೊತ್ತಿಲ್ಲದೆ ಮೂಲದ ಅರ್ಥಕ್ಕೆ ಮರಳಿದೆ. ವಾಕ್ಯದಲ್ಲಿ ಮಗ ಚತುರ್ಥಿಯಲ್ಲೇ ಇದ್ದಾನೆ. ‘ಹುಷಾರಾದ’ ಎಂದು ನಾಳೆ ಹೇಳಲು ಕ್ರಿಯಾಪದವೂ ಸಿದ್ಧವಿದೆ. ಮತ್ತು ‘ಹುಷಾರಿಲ್ಲ’ ಎಂಬುದಕ್ಕೆ ಅಕಾರವೋ ಇಕಾರವೋ ಹಚ್ಚಿ ಒಬ್ಬ ಮನುಷ್ಯನನ್ನು ಮಾಡುವ ದಾರಿ ಕನ್ನಡಕ್ಕೆ ಇನ್ನೂ ಸಿಕ್ಕಿಲ್ಲ.